ಒಂದ ಮೊಬೈಲ್ ಇಟ್ಕೊಂಡು ಹೈಸ್ಕೂಲ್ ಗಣಿತ ಕಲಸೋದು ಹೆಂಗ

ಸ್ಮಾರ್ಟ್ ಬೋರ್ಡ್ ಬರ್ಲಿ, ಆಮ್ಯಾಲೆ ನೋಡೋಣು ಅಂತ ಕಾಕೋತ ಕುಂದ್ರಬ್ಯಾಡ್ರಿ. ನಮ್ಮ ಹಾವೇರಿ, ಗದಗ ಕಡೆ ಹಳ್ಳಿ ಸಾಲಿಯೊಳಗೂ ಮಾಸ್ತರ ಕೈಯಾಗ ಒಂದು ಮೊಬೈಲ್ ಇದ್ದ ಇರತೈತಿ, ಒಂದು ಪ್ರೊಜೆಕ್ಟರ್ ಇಲ್ಲಾ ಟೀವಿ ಸಿಕ್ರ ಮುಗೀತು, ಹತ್ತನೇ ಕ್ಲಾಸಿನ ಗಣಿತದಾಗ ಹುಡುಗ್ರು ಬಾಯಿಪಾಠ ಮಾಡೋ ಎಷ್ಟೋ ವಿಷಯ ಕಣ್ಣಿಗೆ ಕಾಣಂಗ ಮಾಡಬಹುದು.

ಮೊದಲ ಜಿಯೋಜೀಬ್ರಾ ಗ್ರಾಫಿಂಗ್ ಕ್ಯಾಲ್ಕುಲೇಟರ್ ಆ್ಯಪ್ ಹಾಕ್ಕೋರಿ, ಸಮೀಕರಣ ಹಾಕಿದ್ರ ಅದರ ಗೆರಿ ಬಿಡಸಿ ತೋರಸತೈತಿ. 2001ರಾಗ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಯುನಿವರ್ಸಿಟಿಯೊಳಗ ಮಾರ್ಕುಸ್ ಹೋಹೆನ್‌ವಾರ್ಟರ್ ಅನ್ನೋರು ಗಣಿತ ಕಲಸಾಕಂತನ ಶುರು ಮಾಡಿದ್ದು ಇದು, ರೊಕ್ಕ ಕೊಡೋದು ಬ್ಯಾಡ. ಮನ್ಯಾಗ ನೆಟ್ ಇದ್ದಾಗ ಡೌನ್‌ಲೋಡ್ ಮಾಡಿಟ್ರ ಸಾಲಿಯೊಳಗ ನೆಟ್ ಇಲ್ಲದನೂ ನಡೀತೈತಿ. ಮೊಬೈಲ್‌ನಿಂದ ಟೀವಿಗೆ ಹೆಂಗ ಜೋಡಸೋದು ಅನ್ನೋದನ್ನ ಕ್ಲಾಸ್ ಇಲ್ಲದ ಟೈಮಿನಾಗ ಒಮ್ಮೆ ಮಾಡಿ ನೋಡ್ಕೋರಿ, ಎಲ್ಲಾ ಫೋನಿಗೂ ಕೇಬಲ್ ಹಾಕಿದ ಕೂಡ್ಲೇ ಚಿತ್ರ ಬರಂಗಿಲ್ಲ.

ಈಗ ಎರಡು ಚರಾಕ್ಷರದ ರೇಖಾತ್ಮಕ ಸಮೀಕರಣ ತಗೋರಿ. ಎರಡೂ ಸಮೀಕರಣದ ಎಕ್ಸ್ ಮುಂದಿನ ಅಂಕಿ, ವೈ ಮುಂದಿನ ಅಂಕಿ, ಬರೇ ಅಂಕಿ ಇವುಗಳ ಅನುಪಾತ ಹಿಂಗಿದ್ರ ಗೆರಿ ಛೇದಿಸ್ತಾವು, ಹಂಗಿದ್ರ ಸಮಾಂತರ, ಮೂರೂ ಅನುಪಾತ ಸಮ ಇದ್ರ ಐಕ್ಯ ಅಂತ ಹುಡುಗ್ರು ಟೇಬಲ್ ಬಾಯಿಪಾಠ ಮಾಡಿರ್ತಾರ, ಯಾಕ ಅಂತ ಕೇಳಿದ್ರ ಸುಮ್ನಾಗ್ತಾರ. ಆ್ಯಪಿನಾಗ ಎಕ್ಸ್ + 2ವೈ = 6 ಅಂತ ಹಾಕ್ರಿ, ಅದರ ಕೆಳಗ 2ಎಕ್ಸ್ + ಕೆ·ವೈ = 8 ಹಾಕ್ರಿ, ಕೆ ಮತ್ತ ವೈ ನಡುವ ಗುಣಾಕಾರದ ಚಿಹ್ನೆ ಮರೀಬ್ಯಾಡ್ರಿ. ಕೆ ಬೆಲೆಗೆ ಒಂದು ಸ್ಲೈಡರ್, ಅಂದ್ರ ಬೆರಳಿಲೆ ಎಳದ್ರ ಬೆಲೆ ಬದಲಾಗೋ ಪಟ್ಟಿ, ಬರತೈತಿ. ಆಮ್ಯಾಲೆ ಛೇದನ ಬಿಂದುವಿನ ಟೂಲ್ ಒತ್ತಿ ಎರಡೂ ಗೆರಿ ಮುಟ್ರಿ, ಬಿಂದು ಕಾಣತೈತಿ.

ಇಲ್ಲಿ ಸ್ಲೈಡರ್ ಎಳಿಯಾಕ ಅವಸರ ಮಾಡಬ್ಯಾಡ್ರಿ. ನನ್ನ ಪ್ರಕಾರ ಇಡೀ ಪಾಠ ನಿಂತಿರೋದ ಇದರ ಮ್ಯಾಲೆ. ಮೊದಲ ಕೆ = 3 ಇದ್ದಾಗ ಬಿಂದು ಎಲ್ಲಿರತೈತಿ, 3.5 ಆದ್ರ ಎಲ್ಲಿಗೆ ಹೋಗತೈತಿ, 4 ಆದ್ರ ಏನಾಗತೈತಿ ಅಂತ ಎಲ್ಲಾರೂ ಅವರವರ ನೋಟ್‌ಬುಕ್‌ನಾಗ ಬರೀಬೇಕು, ತಪ್ಪಾದ್ರೂ ಚಿಂತಿಲ್ಲ, ಬರದಿರಬೇಕು. ಬರದ ಮ್ಯಾಲೆ ಎಳೀರಿ. 3ಕ್ಕ (-2, 4), 3.5ಕ್ಕ (-10, 8), 3.9ಕ್ಕ ನೋಡ್ರಿ (-74, 40), ಪರದೆ ಬಿಟ್ಟು ಎಲ್ಲೋ ಹೋಗಿರತೈತಿ, ಝೂಮ್ ಔಟ್ ಮಾಡಿ ಹುಡುಕಬೇಕು. 4ಕ್ಕ ಬಂದ ಕೂಡ್ಲೇ ಬಿಂದು ಇಲ್ಲವ ಇಲ್ಲ, ಎರಡೂ ಗೆರಿ ಸಮಾಂತರ. 5ಕ್ಕ ಎಳದ್ರ ಆ ಕಡೆಯಿಂದ (14, -4)ಕ್ಕ ಬಂದು ನಿಂತಿರತೈತಿ! ಊಹೆ ಬರಕೊಂಡ ಹುಡುಗ ತನ್ನ ಉತ್ತರ ಸರಿನೋ ತಪ್ಪೋ ಅಂತ ಕಣ್ಣಿಟ್ಟು ನೋಡ್ತಾನ, ಬರೀದಿದ್ದಾಂವ ಬರೇ ಟೀವಿ ನೋಡ್ತಾನ. ಆಮ್ಯಾಲೆ 8 ತಗದು 12 ಹಾಕಿ ಮತ್ತ ಕೆ = 4ಕ್ಕ ತರ್ರಿ, ಒಂದು ಗೆರಿ ಮ್ಯಾಲೆ ಇನ್ನೊಂದು ಕುಂತಿರತೈತಿ, ಐಕ್ಯ ರೇಖೆ ಅಂದ್ರ ಇದ ಅಂತ ಬ್ಯಾರೆ ಹೇಳೋದು ಬೇಕಾಗಂಗಿಲ್ಲ.

ಅವತ್ತ ಅದ ಲೆಕ್ಕ ಗ್ರಾಫ್ ಹಾಳಿ ಮ್ಯಾಲೆ ಕೈಲೆ ಬಿಡಸಿಕೋರಿ. ಪರೀಕ್ಷೆಯೊಳಗ ಪೆನ್ಸಿಲ್, ಸ್ಕೇಲ್ ಇಟ್ಕೊಂಡ ಮಾಡಬೇಕಾಗತೈತಿ, ಆ್ಯಪ್ ಇರಂಗಿಲ್ಲ.

ಸಂಖ್ಯಾಶಾಸ್ತ್ರಕ್ಕ ಜಿಯೋಜೀಬ್ರಾ ಬ್ಯಾಡ, ಗೂಗಲ್ ಶೀಟ್ಸ್ ಸಾಕು. ಬ್ಯಾಡಗಿ ಸುತ್ತಮುತ್ತ ಇದ್ರ ಮೆಣಸಿನಕಾಯಿ ರೇಟ್ ಬರಕೊಂಡು ಬಾ ಅಂತ ಹುಡುಗ್ರಿಗೆ ಹೇಳ್ರಿ, ಡಬ್ಬಿ ಜಾತಿಗೆ ಎಷ್ಟು ಕಡ್ಡಿ ಜಾತಿಗೆ ಎಷ್ಟು ಅಂತ ಮನ್ಯಾಗ ದಿನಾ ಮಾತಾಡೋದ ಇರತೈತಿ. ತಿಳಿಲಿ ಅಂತ ಮೊದಲ ಸಣ್ಣ ಲೆಕ್ಕ ಹಾಕ್ರಿ: 10, 11, 12, 13, 14 ಸಾವಿರ. ಸರಾಸರಿ 12, ಮಧ್ಯಾಂಕನೂ (ಸಾಲಾಗಿ ಇಟ್ರ ನಟ್ಟನಡುವ ಬರೋ ಅಂಕಿ) 12. ಈಗ ಕಡೀದು 14 ಇದ್ದಲ್ಲಿ 34 ಮಾಡಿದ್ರ ಯಾವುದು ಬದಲಾಗತೈತಿ? ಇಲ್ಲೂ ಮೊದಲ ಬರಸ್ರಿ. ಸರಾಸರಿ 16ಕ್ಕ ಏರತೈತಿ, ಮಧ್ಯಾಂಕ 12ರಾಗ ಇರತೈತಿ. ಒಂದು ಚಲೋ ಚೀಲಕ್ಕ ಭಾರಿ ರೇಟ್ ಬಂತು ಅಂದ್ರ ಎಲ್ಲಾ ರೈತರಿಗೂ ಬಂತು ಅಂತಲ್ಲ ಅನ್ನೋದು ಆ ಹುಡುಗ್ರಿಗೆ ನಮಗಿಂತ ಚಲೋ ಗೊತ್ತೈತಿ, ಸರಾಸರಿ ಅದನ್ನ ಹೆಂಗ ಮುಚ್ಚತೈತಿ ಅಂತ ಅವರ ಬಾಯಿಲೆ ಬರತೈತಿ.

ತ್ರಿಕೋನಮಿತಿಗೆ ಮೊಬೈಲಿನ ಕೋನ ಅಳಿಯೋ ಆ್ಯಪ್ ಸಾಕು. ಗದಗ ಕಡೆಯವರು ಕಪ್ಪತಗುಡ್ಡದ ಗಾಳಿಯಂತ್ರ ಅಳೀತೀವಿ ಅಂತ ಹೋಗ್ತೀರಿ, ಬ್ಯಾಡ್ರಿ. ಅಷ್ಟ ದೂರದಿಂದ ಎರಡು ಕಡೆ ನಿಂತು ನೋಡಿದ್ರೂ ಉನ್ನತ ಕೋನ (ತುದಿ ನೋಡಾಕ ಕಣ್ಣು ಮ್ಯಾಲೆ ಎತ್ತೋ ಕೋನ) ಹೆಚ್ಚುಕಡಿಮಿ ಒಂದ ಬರತಾವು, ಅರ್ಧ ಡಿಗ್ರಿ ತಪ್ಪಿದ್ರ ಎತ್ತರ ಎಲ್ಲೆಲ್ಲೋ ಹೋಗತೈತಿ, ಮ್ಯಾಲೆ ನೆಲನೂ ಸಮ ಇಲ್ಲ. ಸಾಲಿ ಧ್ವಜಕಂಬದಿಂದ ಶುರು ಮಾಡ್ರಿ. ಕಂಬದ ತುದಿ ನೋಡಿದಾಗ ಕೋನ 45 ಡಿಗ್ರಿ ತೋರಸೋ ತನಕ ಹುಡುಗಿ ಹಿಂದ ಹಿಂದ ನಡೀಲಿ, ಅಲ್ಲಿಂದ ಕಂಬದ ತನಕ ಟೇಪ್ ಹಿಡೀರಿ, ಟ್ಯಾನ್ ಅಂದ್ರ ಎತ್ತರ ಭಾಗಿಸು ದೂರ, ಟ್ಯಾನ್ 45 ಅಂದ್ರ 1, ಹಂಗಾಗಿ ದೂರ ಎಷ್ಟೋ ಎತ್ತರನೂ ಅಷ್ಟ. ಅದಕ್ಕ ಆಕಿ ಕಣ್ಣಿನ ಎತ್ತರ ಕೂಡಸಬೇಕು, ಹುಡುಗ್ರು ಅದನ್ನ ಬಿಡ್ತಾರ. ನೀವಾಗಿ ಹೇಳಬ್ಯಾಡ್ರಿ, ಎತ್ತರದ ಒಬ್ಬಂವ, ಗಿಡ್ಡ ಒಬ್ಬಂವ ಬ್ಯಾರೆಬ್ಯಾರೆ ಅಳೀಲಿ, ಇಬ್ಬರ ಉತ್ತರ ಯಾಕ ಕೂಡವಲ್ದು ಅಂತ ಅವರ ಹುಡುಕಲಿ.