ಯೆಜ್ಡಿ ಕೈಕೊಟ್ಟರೆ ಮೊದಲು ಪಾಯಿಂಟ್ ನೋಡಿ

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಅವತ್ತು ಮೈಸೂರು, ಬೆಂಗಳೂರಿನಲ್ಲಿ ಈ ಹಳೆ ಬೈಕುಗಳು ಸಾಲಾಗಿ ಹೊಗೆ ಬಿಡುತ್ತಾ ಹೊರಡುತ್ತವೆ. ಹಿಂದಿನ ಶನಿವಾರ ರಾತ್ರಿ ಮಾತ್ರ ಹಲವರ ಮನೆ ಮುಂದೆ ಒಂದೇ ದೃಶ್ಯ. ಗಾಡಿ ಸ್ಟಾರ್ಟ್ ಆಗುವುದಿಲ್ಲ, ಕಾಲು ಸೋತಿರುತ್ತದೆ, ಕಾರ್ಬುರೇಟರ್ ಬಿಚ್ಚಿ ನ್ಯೂಸ್ ಪೇಪರ್ ಮೇಲೆ ಹರಡಿರುತ್ತದೆ.

ಬಿಚ್ಚಬೇಕಾದ್ದು ಅದಲ್ಲ. ಮೈಸೂರಿನ ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಗಾಡಿಗಳಲ್ಲಿ ಹೆಚ್ಚಿನವು ಪಾಯಿಂಟ್ ಇಗ್ನಿಷನ್‌ನವು, ಅಂದರೆ ಪಾಯಿಂಟ್ ಎಂಬ ಪುಟ್ಟ ಸ್ವಿಚ್ಚಿನಿಂದ ಪ್ಲಗ್‌ಗೆ ಕಿಡಿ ಬರುವಂಥವು. ಪೆಟ್ರೋಲ್ ಬರುತ್ತಿದ್ದು ಗಾಡಿ ಹಟ ಹಿಡಿದರೆ, ನನ್ನ ಅನುಮಾನ ಮೊದಲು ಹೋಗುವುದು ಬಲಗಡೆಯ ಆ ದುಂಡು ಕವರಿನ ಒಳಗೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಸ್ಕ್ರೂಡ್ರೈವರ್, ಪ್ಲಗ್ ಸ್ಪ್ಯಾನರ್, ಸಣ್ಣ ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್, ಎರಡು ವೈರ್ ಬೆಸೆದ 6 ವೋಲ್ಟ್‌ನ ಸಣ್ಣ ಬಲ್ಬ್, ಸ್ವಲ್ಪ ಪೆಟ್ರೋಲ್, ಬಿಳಿ ಕಾಗದ. ಟೈಮಿಂಗ್‌ಗೆ, ಅಂದರೆ ಕಿಡಿ ಹಾರುವ ಗಳಿಗೆ ಹೊಂದಿಸಲು, ಡಯಲ್ ಗೇಜ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಡೆಪ್ತ್ ಅಳೆಯುವ ವರ್ನಿಯರ್ ಸಾಕು.

ಕರೆಂಟ್ ಬರುತ್ತಿದೆಯಾ?

ಮೊದಲು ಬ್ಯಾಟರಿ. ಇದು ಬ್ಯಾಟರಿ ನಂಬಿದ ಇಗ್ನಿಷನ್. ಬ್ಯಾಟರಿ ಇಳಿದಿದ್ದರೆ ಮುಂದಿನದೆಲ್ಲ ವ್ಯರ್ಥ. ಹಾರ್ನ್ ಒತ್ತಿದಾಗ ಕೆಮ್ಮಿದಂತೆ ಕೇಳಿದರೆ ಮೊದಲು ಚಾರ್ಜ್ ಮಾಡಿಸಿ.

ಆಮೇಲೆ ಪ್ಲಗ್ ಬಿಚ್ಚಿ ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಮೈ ಇಂಜಿನ್ ಹೆಡ್‌ಗೆ ತಾಗುವಂತೆ ಇಡಿ. ಪ್ಲಗ್ ತೂತಿನಿಂದ ದೂರವೇ ಇರಲಿ. ಒಳಗಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಬೆಂಕಿ ಹತ್ತಲು ಅಷ್ಟು ಸಾಕು. ಕೀ ಆನ್ ಮಾಡಿ ಕಿಕ್ ಹೊಡೆಯಿರಿ. ನೀಲಿ ಕಿಡಿ ಚಟ್ ಅಂತ ಹಾರಿದರೆ ಕರೆಂಟ್ ಸರಿಯಿದೆ, ನೇರವಾಗಿ ಟೈಮಿಂಗ್‌ಗೆ ಹೋಗಿ. ಕಿಡಿ ಕೆಂಪಗೆ, ಸೊರಗಿದಂತೆ ಇದ್ದರೆ ಅಥವಾ ಬರದೇ ಇದ್ದರೆ ಬಲಗಡೆಯ ಕವರ್ ಬಿಚ್ಚಿ.

ಪಾಯಿಂಟ್ ಒರೆಸುವುದು

ಒಳಗೆ ಡೈನಮೋ ಕಾಣುತ್ತದೆ. ಅದರ ಮುಂಭಾಗದಲ್ಲೇ ಪಾಯಿಂಟ್, ಪಕ್ಕದಲ್ಲಿ ಪಾಯಿಂಟ್ ಸುಡದಂತೆ ಕಾಯುವ ಪುಟ್ಟ ಡಬ್ಬಿಯಂಥ ಕಂಡೆನ್ಸರ್, ನಡುವೆ ಕ್ಯಾಮ್. ಕ್ಯಾಮ್ ಒಂದು ಸುತ್ತು ಬಂದಾಗ ಪಾಯಿಂಟ್ ಒಮ್ಮೆ ತೆರೆಯುತ್ತದೆ. ತೆರೆದ ಆ ಗಳಿಗೆಯಲ್ಲೇ ಪ್ಲಗ್‌ನಲ್ಲಿ ಕಿಡಿ. ಮುಚ್ಚಿದಾಗ ಅಲ್ಲ, ತೆರೆದಾಗ. ಇದೊಂದು ತಲೆಯಲ್ಲಿ ಕೂತರೆ ಮಿಕ್ಕಿದ್ದೆಲ್ಲ ಸಲೀಸು.

ಪಾಯಿಂಟ್‌ನ ಎರಡು ಮುಖಗಳನ್ನು ಬೆರಳಿನಿಂದ ಬಿಡಿಸಿ ನೋಡಿ. ಮಳೆಗಾಲವಿಡೀ ನಿಂತ ಗಾಡಿಯಾದರೆ ಬೂದು ಪದರ ಕಟ್ಟಿರುತ್ತದೆ. ಪಾಯಿಂಟ್ ಫೈಲಿನಿಂದ ಎರಡು ಮೂರು ಸಲ ಹಗುರವಾಗಿ ಎಳೆಯಿರಿ. ಎಮರಿ ಪೇಪರ್ ಹಾಕಿ ಉಜ್ಜುವವರೂ ಇದ್ದಾರೆ. ಅದರ ಪುಡಿ ಒಳಗೆ ಉಳಿದರೆ ಮತ್ತೆ ಅದೇ ಕಥೆ. ಯಾವುದರಲ್ಲಿ ಉಜ್ಜಿದರೂ ಪೆಟ್ರೋಲಿನಲ್ಲಿ ಅದ್ದಿದ ಬಿಳಿ ಕಾಗದವನ್ನು ನಡುವೆ ಎಳೆದು, ಆಮೇಲೆ ಒಣ ಕಾಗದ ಎಳೆಯಿರಿ. ಕಾಗದ ಬೆಳ್ಳಗೇ ಹೊರಬರಬೇಕು.

ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಮೊಡವೆಯಂಥ ಗುಬ್ಬಿ ಎದ್ದಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಕಿಕ್ ಹೊಡೆಯುವಾಗ ಪಾಯಿಂಟ್‌ನಲ್ಲೇ ಜೋರಾಗಿ ಕಿಡಿ ಹಾರಿದರೂ ಅಷ್ಟೇ. ಸಣ್ಣ ಕಿಡಿ ಸಹಜ.

ಕಂಡೆನ್ಸರ್‌ನ ದೊಡ್ಡ ತೊಂದರೆ ಅಂದರೆ ಅದು ತಣ್ಣಗಿದ್ದಾಗ ಸಾಧುವಿನ ಹಾಗೆ ಇರುತ್ತದೆ. ನಾನು ಒಮ್ಮೆ ಹೊಸದೊಂದನ್ನು ಹಾಕಿಕೊಂಡು ಖುಷಿಯಿಂದ ಹೊರಟೆ. ಸುಮಾರು 40 ಕಿ.ಮೀ. ಆದ ಮೇಲೆ ಇಂಜಿನ್ ಪಟಪಟ ಅಂದು ಸತ್ತಿತು. ಅರ್ಧ ಗಂಟೆ ಮರದ ನೆರಳಲ್ಲಿ ಕೂತೆ, ಒಂದೇ ಕಿಕ್‌ಗೆ ಸ್ಟಾರ್ಟ್! ಮತ್ತೆ ಐದು ಕಿ.ಮೀ. ಹೋಗಿ ಅದೇ ಪಾಡು. ಮನೆಗೆ ತಲುಪುವಷ್ಟರಲ್ಲಿ ಆ ರಸ್ತೆಯ ಎಲ್ಲಾ ಮರಗಳ ಪರಿಚಯವಾಗಿತ್ತು. ಬಿಸಿಯಾದಾಗ ನಿಂತು, ತಣಿದಾಗ ಹೊರಡುವ ಗಾಡಿಯಲ್ಲಿ ತಪ್ಪು ಕಂಡೆನ್ಸರ್‌ದು, ಇಲ್ಲವೇ ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್‌ದು. ಪರೀಕ್ಷೆ ಸುಲಭ. ಹಳೆ ಕಂಡೆನ್ಸರ್‌ನ ವೈರ್ ಕಳಚಿ. ಬೇರೊಂದನ್ನು ಹೊರಗಿನಿಂದಲೇ ಜೋಡಿಸಿ: ವೈರ್ ಪಾಯಿಂಟ್‌ನ ಟರ್ಮಿನಲ್‌ಗೆ, ಅದರ ಮೈ ಇಂಜಿನ್ನಿಗೆ. ಬಿಸಿಯಲ್ಲೂ ಓಡಿತು ಅಂದರೆ ಕಳ್ಳ ಸಿಕ್ಕ ಹಾಗೆ.

ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ

ಗ್ಯಾಪ್ ಅಂದರೆ ಪಾಯಿಂಟ್ ತೆರೆದಾಗ ಅದರ ಎರಡು ಮುಖಗಳ ನಡುವಿನ ಸಂದು. ಇಲ್ಲಿ ಬಹಳ ಜನ ಎಡವುತ್ತಾರೆ. ಕಷ್ಟಪಟ್ಟು ಟೈಮಿಂಗ್ ಕೂರಿಸಿ, ಕೊನೆಗೆ ‘ಗ್ಯಾಪ್ ಸ್ವಲ್ಪ ನೋಡೋಣ’ ಅಂತ ಪಾಯಿಂಟ್ ಮುಟ್ಟುತ್ತಾರೆ. ಅಲ್ಲಿಗೆ ಟೈಮಿಂಗ್ ಹೋಯಿತು. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಿಡಿ ಮುಂದಾಗುತ್ತದೆ. ಕಡಿಮೆಯಾದರೆ ತಡವಾಗಿ ತೆರೆಯುತ್ತದೆ, ಕಿಡಿ ಹಿಂದಾಗುತ್ತದೆ. ಆದ್ದರಿಂದ ಗ್ಯಾಪ್ ಮುಟ್ಟಿದಾಗೆಲ್ಲ ಟೈಮಿಂಗ್ ಮತ್ತೆ ನೋಡಲೇಬೇಕು.

ಗಾಡಿಯನ್ನು ಮೇನ್ ಸ್ಟ್ಯಾಂಡ್‌ಗೆ ಹಾಕಿ, ಕೀ ಆಫ್ ಇರಲಿ, ಪ್ಲಗ್ ಹೊರಗಿರಲಿ. ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಕ್ಯಾಮ್ ನಿಧಾನವಾಗಿ ತಿರುಗುತ್ತದೆ. ಪಾಯಿಂಟ್ ಅತಿ ಹೆಚ್ಚು ತೆರೆದ ಜಾಗದಲ್ಲಿ ನಿಲ್ಲಿಸಿ. ಅಲ್ಲಿ ಗ್ಯಾಪ್ 0.4 ಮಿ.ಮೀ. ಇರಬೇಕು. ಗೇಜಿನ ಎಲೆ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಸ್ವಲ್ಪ ಹಿಡಿದು ಜಾರಬೇಕು. ಸ್ಕ್ರೂ ಬಿಗಿ ಮಾಡುವಾಗ ಪಾಯಿಂಟ್ ತುಸು ಸರಿಯುತ್ತದೆ. ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ.

ಅಲ್ಲೇ ಇರುವಾಗ ಡೈನಮೋ ನಡುವಿನ ಬೋಲ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂತ ಆಡಿದರೆ ಕ್ರ್ಯಾಂಕಿನ ಬೇರಿಂಗ್ ಸವೆದಿದೆ. ಅಂಥ ಇಂಜಿನ್ನಿನಲ್ಲಿ ಯಾವ ಗ್ಯಾಪೂ ನಿಲ್ಲುವುದಿಲ್ಲ, ಮೆಕ್ಯಾನಿಕ್ ಹತ್ತಿರ ಹೋಗುವುದೇ ಸರಿ.

ಟೈಮಿಂಗ್ ಕೂರಿಸುವುದು

ಪಿಸ್ಟನ್ ಪೂರ್ತಿ ಮೇಲೆ ಬರುವುದಕ್ಕೆ ಸ್ವಲ್ಪ ಮುಂಚೆಯೇ ಕಿಡಿ ಹಾರಬೇಕು. ಎಷ್ಟು ಮುಂಚೆ ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. 250 ಸಿಸಿಯ ಈ ಗಾಡಿಗಳಲ್ಲಿ ಅದು ಪಿಸ್ಟನ್ ತುದಿ ಮುಟ್ಟಲು 3 ಮಿ.ಮೀ. ಆಸುಪಾಸು ಬಾಕಿ ಇರುವ ಲೆಕ್ಕ. ನಿಮ್ಮ ಗಾಡಿಯ ಕೈಪುಸ್ತಕದಲ್ಲಿ ಬರೆದಿರುವ ಅಂಕಿಯನ್ನೇ ಹಿಡಿಯಿರಿ, ಗೆಳೆಯ ಹೇಳಿದ್ದನ್ನಲ್ಲ.

ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಕೂರಿಸಿ. ತೂತು ಓರೆಯಾಗಿದ್ದರೆ ಅಳತೆ ಸುಳ್ಳು ಹೇಳುತ್ತದೆ. ಆಗ ಹೆಡ್ ಬಿಚ್ಚಿ ನೇರವಾಗಿ ಅಳೆಯಬೇಕು. ಚಕ್ರ ತಿರುಗಿಸಿ ಪಿಸ್ಟನ್ ತುತ್ತತುದಿಗೆ ಬಂದಾಗ ಗೇಜನ್ನು ಸೊನ್ನೆಗೆ ತನ್ನಿ. ಚಕ್ರವನ್ನು ಹಿಂದಕ್ಕೆ ತಿರುಗಿಸಿ ಪಿಸ್ಟನ್ನನ್ನು 6 ಮಿ.ಮೀ.ನಷ್ಟು ಇಳಿಸಿ, ಮತ್ತೆ ಮುಂದಕ್ಕೆ ತಿರುಗಿಸುತ್ತಾ ನಿಮ್ಮ ಅಂಕಿಗೆ ಬನ್ನಿ. ಹಿಂದೆ ಹೋಗಿ ಮುಂದೆ ಬರುವುದು ಸುಮ್ನೆ ಅಲ್ಲ. ಚೈನು, ಗೇರುಗಳಲ್ಲಿರುವ ಸಡಿಲವೆಲ್ಲ ಹಾಗೆ ಮಾಡಿದರೆ ಮಾತ್ರ ಕಳೆಯುತ್ತದೆ.

ಈಗ ಬಲ್ಬು. ಒಂದು ವೈರ್ ಪಾಯಿಂಟ್‌ನ ಟರ್ಮಿನಲ್‌ಗೆ, ಇನ್ನೊಂದು ಇಂಜಿನ್ ಮೈಗೆ. ಕೀ ಆನ್ ಮಾಡಿ. ಪಾಯಿಂಟ್ ಮುಚ್ಚಿದ್ದಾಗ ಬಲ್ಬ್ ಆರಿರುತ್ತದೆ, ತೆರೆದ ಕ್ಷಣ ಹೊತ್ತುತ್ತದೆ. ಪಿಸ್ಟನ್ ನಿಮ್ಮ ಅಂಕಿಗೆ ಬರುವಾಗಲೇ ಬಲ್ಬ್ ಹೊತ್ತಬೇಕು. ಮೊದಲೇ ಹೊತ್ತಿದರೆ ಪಾಯಿಂಟ್ ಕೂತಿರುವ ಪ್ಲೇಟಿನ ಸ್ಕ್ರೂ ಸಡಿಲಿಸಿ, ಕ್ಯಾಮ್ ತಿರುಗುವ ದಿಕ್ಕಿಗೇ ಪ್ಲೇಟನ್ನು ಕೂದಲೆಳೆಯಷ್ಟು ಸರಿಸಿ. ತಡವಾದರೆ ಎದುರು ದಿಕ್ಕಿಗೆ. ಬಲ್ಬ್ ಇಲ್ಲವೆಂದರೆ ಕೀ ಆಫ್ ಮಾಡಿ ಗಾಳಿಪಟದ ಕಾಗದದ ಚೂರನ್ನು ಪಾಯಿಂಟ್ ನಡುವೆ ಸಿಕ್ಕಿಸಿ ಹಗುರವಾಗಿ ಎಳೆದುಕೊಂಡಿರಿ. ಕಾಗದ ಬಿಟ್ಟುಕೊಂಡ ಕ್ಷಣವೇ ಪಾಯಿಂಟ್ ತೆರೆದ ಕ್ಷಣ. ಕೀ ಆನ್ ಇಟ್ಟು ಕಾಫಿ ಕುಡಿಯಲು ಮಾತ್ರ ಹೋಗಬೇಡಿ, ಪಾಯಿಂಟ್ ಮುಚ್ಚಿ ನಿಂತಿದ್ದರೆ ಕಾಯಿಲ್ ಕಾದು ಕೆಡುತ್ತದೆ.

ಓಡಿಸಿ ನೋಡಿ

ಟೈಮಿಂಗ್ ಹೆಚ್ಚು ಮುಂದಾಗಿದ್ದರೆ ಕಿಕ್ಕರ್ ಕಾಲಿಗೆ ವಾಪಸ್ ಒದೆಯುತ್ತದೆ, ಏರಿನಲ್ಲಿ ಟಣಟಣ ಸದ್ದು ಬರುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ನಿಗೇ ಪೆಟ್ಟು. ಹಿಂದಾಗಿದ್ದರೆ ಪಿಕಪ್ ಇರುವುದಿಲ್ಲ, ಇಂಜಿನ್ ಬೇಗ ಕಾಯುತ್ತದೆ. ಟೂ ಸ್ಟ್ರೋಕ್‌ಗಳಲ್ಲಿ ಇನ್ನೊಂದು ತಮಾಷೆ ಇದೆ. ಒಮ್ಮೊಮ್ಮೆ ಕಿಕ್ ವಾಪಸ್ ಹೊಡೆದಾಗ ಇಂಜಿನ್ ಉಲ್ಟಾ ಸ್ಟಾರ್ಟ್ ಆಗಿಬಿಡುತ್ತದೆ. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಹಿಂದಕ್ಕೆ! ಹಿಂದೆ ಯಾರಿದ್ದಾರೆ ನೋಡಿಕೊಂಡು ಹೊರಡಿ.

ಕವರ್ ಮುಚ್ಚುವ ಮೊದಲು ಕ್ಯಾಮ್‌ಗೆ ತಾಗುವ ಫೆಲ್ಟ್ ತುಂಡಿಗೆ ಸಾಸಿವೆ ಕಾಳಿನಷ್ಟು ಗ್ರೀಸ್ ಹಚ್ಚಿ. ಜಾಸ್ತಿಯಾದರೆ ಪಾಯಿಂಟ್ ಮೇಲೆ ಸಿಡಿದು ಕರೆಂಟ್ ಕಟ್ ಆಗುತ್ತದೆ. ಹೊಸ ಪಾಯಿಂಟ್ ಹಾಕಿದ್ದರೆ ಕ್ಯಾಮ್‌ಗೆ ಉಜ್ಜುವ ಅದರ ಹಿಮ್ಮಡಿ ಶುರುವಿನಲ್ಲಿ ಬೇಗ ಸವೆಯುತ್ತದೆ, ಗ್ಯಾಪ್ ಕಿರಿದಾಗುತ್ತದೆ. 200 ಕಿ.ಮೀ. ಓಡಿದ ಮೇಲೆ ಕವರ್ ಬಿಚ್ಚಿ, ಮತ್ತೆ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್ ನೋಡಿ.