ಹಿರಿಯರ ಹಗಲು ಕೇಂದ್ರಕ್ಕೆ ಪಾಲಿಕೆ ದುಡ್ಡು: ನನ್ನ ಅನುಭವ

ಹಿರಿಯರ ಹಗಲು ಕೇಂದ್ರ ನಡೆಸಲು ಪಾಲಿಕೆ ಬಜೆಟ್‌ನಲ್ಲಿ ವರ್ಷವರ್ಷ ದುಡ್ಡು ಇಡಿಸುವುದು ಆಗದ ಕೆಲಸ ಎಂದು ಬೆಂಗಳೂರಿನ ನಮ್ಮ ವಾರ್ಡಿನಲ್ಲಿ ಹೇಳದವರಿಲ್ಲ. ಆಯಿತು. ಎರಡನೇ ವರ್ಷದ ಹಣವೂ ಬಂತು. ಕಟ್ಟಡ ಕೇಳುವುದನ್ನು ಬಿಟ್ಟ ಮೇಲೆ ಆಯಿತು.

ಮೊದಲ ಸಲ ಕೇಳಿದ್ದು ಹೊಸ ಕಟ್ಟಡ, ಅಂದಾಜು 90 ಲಕ್ಷ. ವಾರ್ಡ್ ಸಮಿತಿ ಸಭೆಯಲ್ಲಿ ಹತ್ತು ನಿಮಿಷವೂ ನಿಲ್ಲಲಿಲ್ಲ. "ಮಳೆ ಬಂದ್ರೆ ಮೋರಿ ನೀರು ಮನೆಗೆ ನುಗ್ಗುತ್ತೆ, ಮೊದಲು ಅದನ್ನ ನೋಡಿ ಸ್ವಾಮಿ" ಅಂದರು. ಆ ಮಾತಿಗೆ ಎದುರಾಡಬಾರದು, ಅದು ನಿಜ. ಎರಡನೇ ಸಲ ಸಮುದಾಯ ಭವನದ ಖಾಲಿ ಕೋಣೆಗೆ ನಾಲ್ಕು ಲಕ್ಷ ಚಿಲ್ಲರೆಯ ಜಾಬ್ ಕೋಡ್ (ಒಂದು ಕಾಮಗಾರಿಗೆ ಪಾಲಿಕೆ ಕೊಡುವ ಸಂಖ್ಯೆ) ಆಯಿತು. ಬಣ್ಣ, ಕುರ್ಚಿ, ಟಿವಿ ಬಂದವು, ಬಿಲ್ಲೂ ಪಾಸಾಯಿತು, ನಾಲ್ಕನೇ ತಿಂಗಳು ಬೀಗ ಬಿತ್ತು. ಕಾಮಗಾರಿ ಹಣದಲ್ಲಿ ಅಟೆಂಡರ್ ಸಂಬಳ ಕೊಡಲು ಬರುವುದಿಲ್ಲ. ಕಲ್ಯಾಣದ ಲೆಕ್ಕ ಶೀರ್ಷಿಕೆಯಡಿ ಬೇರೆ ಪಿ-ಕೋಡ್ (ಬಜೆಟ್‌ನಲ್ಲಿ ಆ ಖರ್ಚಿನ ಬಾಬಿನ ಸಂಖ್ಯೆ) ಬೇಕು. ಕೋಡ್ ಮೊದಲು, ಕೋಣೆ ಆಮೇಲೆ.

2007ರ ಹಿರಿಯ ನಾಗರಿಕರ ಕಾಯ್ದೆಯನ್ನು ಸಭೆಯಲ್ಲಿ ಎತ್ತಿದ್ದು ಇನ್ನೊಂದು ತಪ್ಪು. ಅದರ 19ನೇ ಸೆಕ್ಷನ್ ಹೇಳುವುದು ವೃದ್ಧಾಶ್ರಮದ ವಿಚಾರ: ಜಿಲ್ಲೆಗೆ ಕನಿಷ್ಠ ಒಂದು, 150 ಜನಕ್ಕೆ, ಅದೂ ರಾಜ್ಯ ಸರ್ಕಾರದ ಪಾಲಿಗೆ. "ಹಾಗಾದ್ರೆ ಸರ್ಕಾರವನ್ನೇ ಕೇಳಿ" ಎಂಬ ಉತ್ತರ ತಕ್ಷಣ ಬಂತು. ಪಾಲಿಕೆಗೆ ಹೊಂದುವುದು ಸಂವಿಧಾನದ 12ನೇ ಅನುಸೂಚಿಯ 9ನೇ ಬಾಬು, ದುರ್ಬಲ ವರ್ಗದವರ ಹಿತರಕ್ಷಣೆ. ಅರ್ಜಿಯ ಮೊದಲ ಸಾಲಿನಲ್ಲೇ ಅದು ಇರಲಿ.

ಮೂರನೇ ಸಲ ಮೊದಲೇ ಮೂರು ತಿಂಗಳು ಚಂದಾ ಎತ್ತಿ ಕೇಂದ್ರ ನಡೆಸಿ ಹಾಜರಿ ಪುಸ್ತಕ ಇಟ್ಟೆವು: ಹೆಸರು, ವಯಸ್ಸು, ಬಂದ ಹೊತ್ತು, ಹೋದ ಹೊತ್ತು, ಸಹಿ ಇಲ್ಲವೇ ಹೆಬ್ಬೆಟ್ಟು. ದಿನಕ್ಕೆ ಸರಾಸರಿ 28 ಜನ, ತಿಂಗಳಿಗೆ 24 ದಿನ. ಅಟೆಂಡರ್‌ಗೆ 17 ಸಾವಿರ, ಟೀ-ತಿಂಡಿಗೆ 12 ಸಾವಿರ, ವಾರಕ್ಕೆರಡು ದಿನ ಬರುವ ಫಿಸಿಯೋಗೆ ಒಂಬತ್ತೂವರೆ, ಶುಚಿ ಮಾಡುವವರಿಗೆ 6, ಕರೆಂಟು-ನೀರು ಎರಡೂವರೆ, ಪೇಪರ್ರು ಮತ್ತು ಶುಗರ್ ಸ್ಟ್ರಿಪ್ಪಿಗೆ 3, ರಿಪೇರಿಗೆ 2. ಒಟ್ಟು 52 ಸಾವಿರದ ಆಸುಪಾಸು, ತಲೆಗೆ ದಿನಕ್ಕೆ 78 ರೂಪಾಯಿ. ವರ್ಷಕ್ಕೆ ಆರೂಕಾಲು ಲಕ್ಷ ಎಂದರೆ ಹುಬ್ಬೇರಿಸುತ್ತಾರೆ, 78 ರೂಪಾಯಿ ಎಂದರೆ ಕೇಳಿಸಿಕೊಳ್ಳುತ್ತಾರೆ. ಆದರೂ ಎರಡನ್ನೂ ಒಂದೇ ಹಾಳೆಯಲ್ಲಿ ಹಾಕಿ. ಒಂದನ್ನು ಬಿಟ್ಟರೆ ಮುಚ್ಚಿಟ್ಟರು ಎಂಬ ಮಾತು ಬರುತ್ತದೆ, ಅಲ್ಲಿಗೆ ಚರ್ಚೆ ಕೆಟ್ಟಂತೆ.

"ಸಂಧ್ಯಾ ಸುರಕ್ಷಾ 1,200 ಬರುತ್ತಲ್ಲ" ಎನ್ನುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ತಿಂಗಳಿಗೆ ಸಿಗುವ ಆ ವೃದ್ಧಾಪ್ಯ ಪಿಂಚಣಿ ಮಾತ್ರೆಗೇ ಸಾಲದು, ಹಗಲಿಡೀ ಒಂಟಿಯಾಗಿ ಕೂರುವುದನ್ನು ಅದು ತಪ್ಪಿಸುವುದಿಲ್ಲ. "ಪಾರ್ಕ್ ಇದೆಯಲ್ಲ" ಎಂಬುದಕ್ಕೆ ಒಂದೇ ಉತ್ತರ: ಶೌಚಾಲಯ. ಎಪ್ಪತ್ತು ದಾಟಿದ ಎಷ್ಟೋ ಜನ ಆಗಾಗ ಏಳಲೇಬೇಕು, ಅದಿಲ್ಲದ ಜಾಗಕ್ಕೆ ಅವರು ಬರುವುದಿಲ್ಲ.

ನಮ್ಮಲ್ಲಿ ಹೆಚ್ಚು ದುಡ್ಡು ದಂಡವಾದದ್ದೂ ಅಲ್ಲೇ. ಹಿಡಿಕಂಬಿಯನ್ನು ಪ್ಲಾಸ್ಟಿಕ್ ಪ್ಲಗ್ ಹಾಕಿ ಟೈಲ್ಸ್ ಮೇಲೆ ಕೂರಿಸಿದ್ದರು. ಟೈಲ್ಸ್ ಹಿಂದೆ ಸಿಮೆಂಟು ತುಂಬಿರಲಿಲ್ಲ, ಎರಡನೇ ವಾರಕ್ಕೇ ಭಾರ ಬಿದ್ದು ಕಂಬಿ ಕಿತ್ತು ಬಂತು. ಟೈಲ್ಸ್ ಬಡಿದು ನೋಡಿ, ಡಬ್ ಡಬ್ ಎಂದು ಪೊಳ್ಳು ಸದ್ದು ಬಂದರೆ ಒಡೆಸಿ. ಗೋಡೆಯ ಬ್ಲಾಕಿನೊಳಕ್ಕೆ ಹೋಗುವ ಆಂಕರ್ ಬೋಲ್ಟೇ ಆಗಬೇಕು. ಕಂಬಿ ಸೀಟಿನಿಂದ 200 ಮಿ.ಮೀ. ಮೇಲೆ, ಸೀಟು ನೆಲದಿಂದ 450ರಿಂದ 480, ಬಾಗಿಲು 900, ಇಳಿಜಾರು 1:12. ಎಸ್ಟಿಮೇಟಿನಲ್ಲಿ ಈ ಅಳತೆಗಳನ್ನೇ ಬರೆಸಿ. ಕೈಯಿಲ್ಲದ ಕುರ್ಚಿಯನ್ನಂತೂ ತರಲೇಬೇಡಿ, ಕೂತವರು ಏಳಲಾರರು.

ಸಮಯದ ಮೇಲೆ ಒಂದು ಪ್ರಯೋಗ ಮಾಡಿದೆವು. 10ಕ್ಕೆ ತೆರೆದಾಗ ಹೆಂಗಸರು ಐದಾರು. ಅಡುಗೆ ಮುಗಿಯುವುದೇ ಆಗ. 11ರಿಂದ 3 ಎಂದ ಮೇಲೆ 13-14 ಆದರು, ಮೊಮ್ಮಕ್ಕಳ ಸ್ಕೂಲ್ ವ್ಯಾನಿಗೂ ಅನುಕೂಲ. ಟಿವಿ ತೆಗೆದು ಚೌಕಾಬಾರ ಇಟ್ಟೆವು, ಮಾತು ಹೆಚ್ಚಿತು. ಏಕಾದಶಿ, ಸಂಕಷ್ಟಿಗೆ ತಿಂಡಿ ಉಳಿದು ಲೆಕ್ಕ ತಪ್ಪುತ್ತಿತ್ತು, ಈಗ ಆ ದಿನ ಬಾಳೆಹಣ್ಣು ತರಿಸುತ್ತೇವೆ.

ಬಜೆಟ್ ಮಂಡನೆ ಫೆಬ್ರುವರಿ-ಮಾರ್ಚ್‌ಗಾದರೂ ಬೇಡಿಕೆ ಅಕ್ಟೋಬರ್-ನವೆಂಬರ್‌ನ ವಾರ್ಡ್ ಸಮಿತಿ ಸಭೆಯ ನಡಾವಳಿಯಲ್ಲೇ ಸೇರಬೇಕು, ಜನವರಿಯಲ್ಲಿ ಕೇಳಿದರೆ ತಡ. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ಅವರಿರಲಿಲ್ಲ, ಹಾಗಾಗಿ ನಮಗೆ ನಡಾವಳಿಯೇ ಆಧಾರವಾಗಿತ್ತು. ಅದರ ಪ್ರತಿ ಸಿಗದಿದ್ದರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ: 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಒಡೆದು ಐದು ಪಾಲಿಕೆಗಳಾದ ಮೇಲೆ ಹಳೆಯ ಕಡತ ಹುಡುಕಿಸುವಾಗ ನಮ್ಮನ್ನು ಉಳಿಸಿದ್ದು ಸ್ವೀಕೃತಿ ಮುದ್ರೆ ಇದ್ದ ಪ್ರತಿಗಳು. ಸಭೆಗೆ ಮೊದಲು ಯಾರ ಸಹಿ ಹಾಕಿಸಿದೆವು, ಮೋರಿ ಕೇಳುವವರನ್ನು ಹೇಗೆ ಜೊತೆಗೆ ತಂದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದ ವಾರ್ಡಿನಲ್ಲಿ ಆ ಕೆಲಸ ಇನ್ನೂ ನಡೆಯುತ್ತಿದೆ.

ಹಾಜರಿ ಈಗ 34ರ ಹತ್ತಿರ. ಈ ಸಲದ ಬೇಡಿಕೆಯಲ್ಲಿ ಇನ್ನೊಂದು ಕಮೋಡ್ ಸೇರಿಸಿದ್ದೇವೆ.