ಕಾಗೆ ಕೂತರೆ ಕಾವೇರಿ ಹರಿಯಬೇಕು

ದಸರಾ ರಜೆಯಲ್ಲಿ ಮಕ್ಕಳಿಗೆ ಜನಪದ ಕಥೆಯ ಚಿತ್ರಪುಸ್ತಕ ಓದಿ ಕೈಕೆಲಸ ಮಾಡಿಸುವಾಗ ನಾನು ಮೊದಲು ಹುಡುಕುವುದು ಕಥೆ ತಿರುಗುವ ಪುಟವನ್ನು. ಆ ಪುಟದಲ್ಲಿ ಏನಾಗುತ್ತದೋ ಅದೇ ಮಕ್ಕಳ ಕೈಯಲ್ಲೂ ಆಗಬೇಕು. ಅಗಸ್ತ್ಯರ ಕಮಂಡಲದಲ್ಲಿದ್ದ ಕಾವೇರಿಯನ್ನು ಗಣಪತಿ ಕಾಗೆಯಾಗಿ ಬಂದು ಮಗುಚಿ ಹರಿಸಿದ ಕಥೆ ಓದಿ ನದಿಗೆ ನೀಲಿ ಬಣ್ಣ ತುಂಬಿಸುವುದು ಬರೀ ಹೊತ್ತು ಕಳೆಯುವ ಕೆಲಸ. ಕಮಂಡಲ ಮಗುಚಬೇಕು, ನೀರು ಹರಿಯಬೇಕು. ಅಕ್ಟೋಬರ್ 17ರ ಆಸುಪಾಸಿನಲ್ಲಿ ತುಲಾ ಸಂಕ್ರಮಣ ಬರುವುದರಿಂದ ತಲಕಾವೇರಿಯಲ್ಲಿ ನೀರುಕ್ಕುವ ತೀರ್ಥೋದ್ಭವದ ಮಾತು ಕೊಡಗಿನ ಮಕ್ಕಳ ಕಿವಿಗೆ ಹೇಗೂ ಬಿದ್ದಿರುತ್ತದೆ, ಪೀಠಿಕೆ ಬೇಕಿಲ್ಲ.

ಮಗುವಿಗೊಂದರಂತೆ ಖಾಲಿ ಶೂ ಡಬ್ಬಿ, ಕಮಂಡಲಕ್ಕೆ 8 ಸೆಂ.ಮೀ. ಎತ್ತರದ ಪೇಪರ್ ಲೋಟ, ತೆಂಗಿನ ಪೊರಕೆಯ ದಪ್ಪ ಕಡ್ಡಿ, ಬೆರಳುದ್ದದ ಪ್ಲಾಸ್ಟಿಕ್ ಬಟ್ಟೆ ಕ್ಲಿಪ್, 60 ಸೆಂ.ಮೀ. ಉದ್ದದ ಮೂರು ನೀಲಿ ಸ್ಯಾಟಿನ್ ರಿಬ್ಬನ್, ಕಪ್ಪು ಕಾಗದ. ಕ್ರೇಪ್ ಕಾಗದ ಅಗ್ಗ ನಿಜ, ಆದರೆ ನಮ್ಮ ಅಕ್ಟೋಬರ್ ಥಂಡಿಗೆ ಮೆತ್ತಗಾಗುತ್ತದೆ, ಒದ್ದೆ ಕೈಗೆ ಬಣ್ಣ ಬಿಡುತ್ತದೆ.

ಡಬ್ಬಿಯ ಮುಚ್ಚಳ ತೆಗೆದು, ತೆರೆದ ಬದಿ ಮುಂದಕ್ಕೆ ಬರುವಂತೆ ಉದ್ದಕ್ಕೆ ನಿಲ್ಲಿಸಿ. ಮೇಲಿನಿಂದ 11 ಸೆಂ.ಮೀ. ಕೆಳಗೆ ಎಡಬಲ ಗೋಡೆಗಳಿಗೆ ತೂತು ಮಾಡಿ. ಲೋಟಕ್ಕೂ ಎದುರುಬದುರು ಎರಡು ತೂತು ಬೇಕು, ಅಂಚಿನಿಂದ ಸರಿಯಾಗಿ 2 ಸೆಂ.ಮೀ. ಕೆಳಗೆ. ಎಲ್ಲ ನಿಂತಿರುವುದು ಈ ಅಳತೆಯ ಮೇಲೆ. ತೂತು ಅಂಚಿಗೆ ತೀರಾ ಹತ್ತಿರವಾದರೆ ಲೋಟ ಅರ್ಧ ವಾಲಿ ನಿಲ್ಲುತ್ತದೆ, ರಿಬ್ಬನ್ ಹೊರಗೆ ಬೀಳುವುದಿಲ್ಲ. ನಡುಮಧ್ಯಕ್ಕೆ ಬಂದರೆ ಕಾಗೆ ಬರುವ ಮೊದಲೇ ಮಗುಚಿಕೊಳ್ಳುತ್ತದೆ. ದಬ್ಬಳದಿಂದ ಚುಚ್ಚುವ ಕೆಲಸ ದೊಡ್ಡವರದು. ಆಮೇಲೆ ಪೆನ್ಸಿಲ್ ತುದಿಯಿಂದ ತೂತು ಅಗಲಿಸಿ. ಬಿಗಿಯಾಗಿದ್ದರೆ ಲೋಟ ಕಡ್ಡಿಗೆ ಕಚ್ಚಿಕೊಂಡು ಅಲುಗುವುದೇ ಇಲ್ಲ.

ರಿಬ್ಬನ್‌ಗಳ ಒಂದು ತುದಿಯನ್ನು ಲೋಟದ ತಳಕ್ಕೆ ಡಬಲ್ ಟೇಪಿನಿಂದ ಅಂಟಿಸಿ. ಒಳಮೈ ನುಣುಪಾಗಿರುವುದರಿಂದ ಫೆವಿಕಾಲ್ ಹಿಡಿಯುವುದಿಲ್ಲ. ಉಳಿದ ಉದ್ದವನ್ನು ಹಿಂದೆ ಮುಂದೆ ಮಡಚಿ ಒಳಗಿಡಿ. ಮಕ್ಕಳು ಸುರುಳಿ ಸುತ್ತಿ ತುರುಕುತ್ತಾರೆ, ಆಗ ಮುದ್ದೆಯಾಗಿ ಒಟ್ಟಿಗೆ ಬೀಳುತ್ತದೆ, ಹರಿಯುವುದಿಲ್ಲ. ಲೋಟವನ್ನು ಕಡ್ಡಿಗೆ ಪೋಣಿಸಿ ಡಬ್ಬಿಯ ನಡುವೆ ತೂಗುಹಾಕಿ.

ಕಪ್ಪು ಕಾಗದದ ಕಾಗೆಯನ್ನು ಕ್ಲಿಪ್ಪಿಗೆ ಅಂಟಿಸುವ ಹೊತ್ತಿಗೆ ಓದು ಶುರು ಮಾಡುತ್ತೇನೆ. ಗಣಪತಿ ಕಾಗೆಯಾಗಿ ಬರುವ ಪುಟಕ್ಕೆ ಎಲ್ಲರೂ ಒಮ್ಮೆಲೇ ಕ್ಲಿಪ್ಪನ್ನು ಲೋಟದ ಮುಂದಿನ ಅಂಚಿಗೆ ಸಿಕ್ಕಿಸಬೇಕು, ಎರಡೂ ತೂತಿನಿಂದ ಸಮದೂರದಲ್ಲಿ. ಕ್ಲಿಪ್ಪಿನ ಭಾರಕ್ಕೇ ಲೋಟ ಮಗುಚುತ್ತದೆ. ಸಣ್ಣ ಮರದ ಕ್ಲಿಪ್ ಹಗುರ, ಸಾಲದು.

ಆದರೆ ಕೊಡಗಿನಲ್ಲಿ ಹೆಚ್ಚಾಗಿ ಹೇಳುವ ಕಥೆಯಲ್ಲಿ ಕಾಗೆಗೆ ಕೆಲಸವೇ ಇಲ್ಲ. ತನ್ನನ್ನು ಒಂಟಿಯಾಗಿ ಬಿಡಬಾರದೆಂದು, ಮುಂದೆ ಕಾವೇರಿಯಾಗುವ ಲೋಪಾಮುದ್ರೆ ಗಂಡ ಅಗಸ್ತ್ಯರಿಗೆ ಷರತ್ತು ಹಾಕಿರುತ್ತಾಳೆ. ಅವರು ಅವಳನ್ನು ಕಮಂಡಲದಲ್ಲಿಟ್ಟು ಕನಕೆ ನದಿಗೆ ಸ್ನಾನಕ್ಕೆ ಹೋದಾಗ ತಾನೇ ಹರಿದುಹೋಗುತ್ತಾಳೆ. ಅಜ್ಜಿಯಿಂದ ಇದನ್ನು ಕೇಳಿದ ಮಗು ಸುಮ್ಮನೆ ಕೂರುವುದಿಲ್ಲ, ಕೂರಲೂಬಾರದು. ಅದಕ್ಕೆ ಎರಡನೇ ಸಲ ಹೇಳುವಾಗ ಕ್ಲಿಪ್ ತೆಗೆಸಿ, ಲೋಟದ ತಳದ ಹಿಂಬದಿಗೆ ದಾರ ಅಂಟಿಸಿ ಡಬ್ಬಿಯ ಹಿಂಗೋಡೆಯ ಮೇಲ್ಭಾಗದ ತೂತಿನಿಂದ ಹೊರಗೆ ತರಿಸುತ್ತೇನೆ. ಹಿಂದಿನಿಂದ ಎಳೆದರೆ ತಳ ಮೇಲೇಳುತ್ತದೆ, ಕಾವೇರಿ ತಾನಾಗಿ ಹೊರಡುತ್ತಾಳೆ. ನನಗೆ ಇದೇ ಹೆಚ್ಚು ಇಷ್ಟ.

ಅಗಸ್ತ್ಯರ ಶಿಷ್ಯರು ತಡೆದಾಗ ಅವಳು ಭೂಮಿಯೊಳಗೆ ಇಳಿದು ಭಾಗಮಂಡಲದಲ್ಲಿ ಮೇಲೆ ಬರುತ್ತಾಳಲ್ಲ, ಅದಕ್ಕೆ ಡಬ್ಬಿಯ ಮುಂದೆ ಮುಚ್ಚಳವನ್ನು ಬೋರಲಾಗಿ ಇಡಿ. ಹತ್ತು ಸೆಂ.ಮೀ. ಅಂತರದಲ್ಲಿ ಎರಡು ಸೀಳು ಕೊಯ್ದು, ಬಿದ್ದ ರಿಬ್ಬನ್ ಒಂದರಲ್ಲಿ ಇಳಿಸಿ ಇನ್ನೊಂದರಲ್ಲಿ ಎಳೆದುಕೊಳ್ಳಲಿ. ಸೀಳು ರಿಬ್ಬನ್ನಿಗಿಂತ ದುಪ್ಪಟ್ಟು ಅಗಲವಿರಲಿ. ಆರು ವರ್ಷದೊಳಗಿನವರಿಗೆ ಈ ಭಾಗ ಬಿಟ್ಟುಬಿಡಿ. ಅವರಿಗೆ ಲೋಟ ಮತ್ತೆ ಮತ್ತೆ ಮಗುಚುವುದೇ ಸಾಕು.